ಸುಟ್ಟ ವಾಸನೆಯ ವಂಶಾವಳಿ

ಸುಟ್ಟ ವಾಸನೆ ಎಂಬುದು ಒಂದೇ ಅಲ್ಲ. ಅಡುಗೆಮನೆಯಲ್ಲಿ ನಾಲ್ಕು ದಿನ ಕೆಲಸ ಮಾಡಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಳ ಹಿಡಿದ ಹಾಲಿನ ವಾಸನೆ ಬೇರೆ, ಸೀದ ಅನ್ನದ್ದು ಬೇರೆ, ಒಗ್ಗರಣೆಯಲ್ಲಿ ಕರಿಕಾದ ಮೆಣಸಿನಕಾಯಿಯ ಘಾಟು ಬೇರೆ. ನಡುಮನೆಯಲ್ಲಿ ಕೂತು ಹೂ ಕಟ್ಟುತ್ತಿದ್ದವಳು ತಲೆ ಎತ್ತದೆಯೇ "ಹಾಲು ನೋಡೇ" ಎನ್ನುತ್ತಾಳೆ. "ಏನೋ ಸುಡ್ತಿದೆಯಲ್ಲ" ಎಂದು ಸುಮ್ಮನೆ ಕೂಗುವುದು ಗಂಡಸರು. ಆದರೆ ಗಂಡಸರಲ್ಲೂ ಒಂದು ಪಂಗಡಕ್ಕೆ ಈ ವಿದ್ಯೆ ಚೆನ್ನಾಗಿ ಒಲಿದಿದೆ. ಅವರು ಲಾರಿ ಓಡಿಸುವವರು, ಮತ್ತು ಲಾರಿಯ ಹೊಟ್ಟೆಗೆ ಕೈ ಹಾಕುವ ಗ್ಯಾರೇಜಿನ ಮೇಸ್ತ್ರಿಗಳು.

ನನ್ನ ತಮ್ಮ ಇಪ್ಪತ್ತೆಂಟು ವರ್ಷ ಶಿರಾಡಿ ಘಾಟಿಯಲ್ಲಿ ಮಂಗಳೂರಿಗೆ ಹತ್ತಿ ಇಳಿದು ಲಾರಿ ಓಡಿಸಿದವನು. ಬಾನೆಟ್ಟಿನ ಅಡಿಯಿಂದ ಸುಟ್ಟ ವಾಸನೆ ಬಂತೆಂದರೆ, ಲಾರಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸುವಷ್ಟರಲ್ಲೇ ಅದು ಯಾವುದರದ್ದೆಂದು ಅವನು ಅರ್ಧ ತೀರ್ಮಾನಿಸಿರುತ್ತಾನೆ. ರಬ್ಬರಿನಂತಿದ್ದರೆ ಫ್ಯಾನ್ ಬೆಲ್ಟು ಜಾರುತ್ತಿದೆ, ಇಲ್ಲವೆ ಯಾವುದೋ ಹೋಸ್ ಪೈಪು ಬಿಸಿ ಕೊಳವೆಗೆ ತಾಗಿದೆ. ಬಾಣಲೆಯಲ್ಲಿ ಎಣ್ಣೆ ಹೊಗೆಯೆದ್ದಂತಿದ್ದರೆ ಎಂಜಿನ್ ಆಯಿಲು ಸೈಲೆನ್ಸರ್ ಕೊಳವೆಯ ಮೇಲೆ ತೊಟ್ಟಿಕ್ಕುತ್ತಿದೆ. ಬೆಲ್ಲದ ಪಾಕದ ಹಾಗೆ ಸಿಹಿ ಇದ್ದರೆ ರೇಡಿಯೇಟರಿನ ಕೂಲಂಟ್ ಸೋರುತ್ತಿದೆ. ಮೂಗಿನ ಜೊತೆಗೆ ಕಣ್ಣೂ ಚುರುಗುಟ್ಟಿದರೆ ವೈರು ಸುಡುತ್ತಿದೆ. ಆಗ ಮಾತ್ರ ಯೋಚಿಸುತ್ತ ಕೂರಬಾರದು, ಮೊದಲು ಎಂಜಿನ್ ನಿಲ್ಲಿಸಿ ಬ್ಯಾಟರಿಯ ತಂತಿ ಬಿಚ್ಚಬೇಕು. ಹಳೇ ನ್ಯೂಸ್‌ಪೇಪರಿಗೆ ಬೆಂಕಿ ಹಿಡಿದ ಹಾಗೆ ಇದ್ದರೆ ಅದು ಬಾನೆಟ್ಟಿನದಲ್ಲವೇ ಅಲ್ಲ, ಕ್ಲಚ್ ಪ್ಲೇಟಿನದು. ಕ್ಯಾಬಿನ್ನಿನ ನೆಲದ ಸಂದಿನಿಂದ ಮೇಲೆದ್ದು ಬಾನೆಟ್ಟಿನ ವಾಸನೆಯೆಂದು ಮೋಸ ಮಾಡುತ್ತದೆ.

"ವಾಸನೆ ಬಂದಾಗ ಗಾಡಿ ಏನು ಮಾಡ್ತಿತ್ತು ಅಂತ ಮೊದಲು ಕೇಳ್ಬೇಕು ಅಕ್ಕಾ," ಎನ್ನುತ್ತಾನೆ. "ಘಾಟಿ ಹತ್ತೋವಾಗ ಬಂದ್ರೆ ಕ್ಲಚ್ಚು. ಇಳಿಯೋವಾಗ ಬಂದ್ರೆ ಬ್ರೇಕು. ನಿಂತಲ್ಲೇ ಬಂದ್ರೆ ಬೆಲ್ಟೋ ವೈರೋ. ಮೂಗು ಸರಿ ಇದ್ರೆ ಅರ್ಧ ರಿಪೇರಿ ಆದ ಹಾಗೆ."

ನಾನು ಶಾಲೆಯಲ್ಲಿ ಸಮಾಜವಿಜ್ಞಾನ ಹೇಳಿಕೊಡುವವಳು. ರಾಜಮನೆತನಗಳ ವಂಶಾವಳಿಯನ್ನು ಬೋರ್ಡಿನ ಮೇಲೆ ಬರೆದು ಬರೆದು ಅಭ್ಯಾಸವಾದ ಕೈ. ಅವನು ಹೀಗೆ ವಾಸನೆಗಳನ್ನು ಎಣಿಸುವಾಗ, ಇವಕ್ಕೂ ಒಂದೊಂದು ವಂಶಾವಳಿ ಇರಬೇಕಲ್ಲ ಎನ್ನಿಸಿತು. ರಬ್ಬರು, ಎಣ್ಣೆ, ಪ್ಲಾಸ್ಟಿಕ್ಕು ಇವೆಲ್ಲ ಲಾರಿಯೊಳಗೆ ಒಟ್ಟಿಗೆ ಬಂದು ಕೂತವಲ್ಲ. ಒಂದೊಂದನ್ನೂ ಯಾರೋ ಯಾವುದೋ ಕಷ್ಟಕ್ಕೆಂದು ತಂದಿಟ್ಟಿದ್ದು. ಹುಡುಕುತ್ತ ಹೋದರೆ ಮೊದಲಿಗೆ ಸಿಕ್ಕಿದ್ದು ಒಬ್ಬ ಹೆಂಗಸು.

ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದನ್ನು ಪಠ್ಯಪುಸ್ತಕಗಳೂ ಹೇಳುತ್ತವೆ. ಆದರೆ ಆ ಗಾಡಿಯನ್ನು ನಂಬಿ ಕೊಳ್ಳುವವರು ಇರಲಿಲ್ಲ. 1888ರ ಆಗಸ್ಟ್ ತಿಂಗಳಲ್ಲಿ ಅವನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಹದಿನೈದು ಮತ್ತು ಹದಿಮೂರು ವರ್ಷದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಹತ್ತಿರ ಹತ್ತಿರ 105 ಕಿಲೋಮೀಟರು. ಫೋರ್ಟ್ಸ್‌ಹೈಮ್ ಬೇರೆ ಯಾವುದೂ ಅಲ್ಲ, ಅವಳ ತವರು. ಜಗತ್ತಿನ ಮೊದಲ ದೂರದ ಮೋಟಾರು ಪ್ರಯಾಣ ನಡೆದದ್ದು ತವರುಮನೆಗೆ ಎಂಬುದನ್ನು ನಾನು ತರಗತಿಯಲ್ಲಿ ಹೇಳಿದಾಗ ಹೆಣ್ಣುಮಕ್ಕಳ ಸಾಲಿನಲ್ಲಿ ಒಂದು ಸಣ್ಣ ನಗು ಹರಿದಾಡುತ್ತದೆ.

ಆ ದಾರಿಯುದ್ದಕ್ಕೂ ಅವಳು ಮಾಡಿದ್ದು ನನ್ನ ತಮ್ಮ ಮಾಡುವ ಕೆಲಸವನ್ನೇ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಕಿಡಿ ಕೊಡುವ ತಂತಿಯ ಹೊದಿಕೆ ಸವೆದುಹೋದಾಗ ಕಾಲುಚೀಲಕ್ಕೆ ಕಟ್ಟುವ ಪಟ್ಟಿಯನ್ನು ಅದಕ್ಕೆ ಸುತ್ತಿದಳು. ವೀಸ್ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೊಯಿನ್ ಎಂಬ ದ್ರವವನ್ನು ಕೊಂಡು ತುಂಬಿಸಿದಳು. ಪೆಟ್ರೋಲಿನ ಜಾತಿಗೇ ಸೇರಿದ ಆ ದ್ರವ ಆಗ ಬಟ್ಟೆಯ ಕಲೆ ತೆಗೆಯಲೂ ಬಳಕೆಯಲ್ಲಿತ್ತು. ರೇಡಿಯೇಟರ್ ಇನ್ನೂ ಹುಟ್ಟಿರಲಿಲ್ಲ, ಎಂಜಿನ್ನಿನ ನೀರು ಆವಿಯಾಗಿ ಹೋಗುತ್ತಿತ್ತು, ಸಿಕ್ಕಸಿಕ್ಕಲ್ಲಿ ನೀರು ಹೊಯ್ಯಬೇಕಿತ್ತು. ಇಳಿಜಾರಿನಲ್ಲಿ ಬ್ರೇಕಿನ ಮರದ ಕಟ್ಟೆಗಳು ಉಜ್ಜಿ ಸವೆದು ಹೋದವು. ಅವಳು ಒಂದು ಹಳ್ಳಿಯಲ್ಲಿ ಚಮ್ಮಾರನನ್ನು ಹುಡುಕಿ, ಅವುಗಳ ಮೇಲೆ ಚರ್ಮ ಹೊಡೆಸಿದಳು. ಬ್ರೇಕ್ ಲೈನಿಂಗ್ ಎಂದು ನಾವು ಕರೆಯುವ ವಸ್ತು ಮೋಟಾರಿಗೆ ಬಂದದ್ದು ಹಾಗೆ. ಹಿಂತಿರುಗಿದ ಮೇಲೆ ಗುಡ್ಡ ಹತ್ತಲು ಇನ್ನೊಂದು ಗೇರು ಬೇಕೆಂದೂ ಗಂಡನಿಗೆ ಹೇಳಿದಳಂತೆ. ನನ್ನ ತಮ್ಮನಿಗೆ ಈ ಕಥೆ ಹೇಳಿದಾಗ ಅವನು ಬೆರಗಾದದ್ದು ಪ್ರಯಾಣಕ್ಕಲ್ಲ, ಈ ಗೇರಿನ ಮಾತಿಗೆ. "ಆಯಮ್ಮ ಡ್ರೈವರು ಕಣಕ್ಕಾ" ಎಂದ. ಅವನ ಬಾಯಿಂದ ಇದಕ್ಕಿಂತ ದೊಡ್ಡ ಬಿರುದು ಇಲ್ಲ.

ಲಾರಿ ಬಂದದ್ದು ಇದಾದ ಎಂಟು ವರ್ಷಕ್ಕೆ. ಗಾಟ್ಲೀಬ್ ಡೈಮ್ಲರ್ 1896ರಲ್ಲಿ ಕಟ್ಟಿದ ಮೊದಲ ಲಾರಿಗೆ ನಾಲ್ಕು ಅಶ್ವಶಕ್ತಿ, ಒಂದೂವರೆ ಟನ್ ಹೊರೆ. ಹೊರೆ ಹೆಚ್ಚಿದಂತೆ ಬ್ರೇಕಿನ ಚರ್ಮಕ್ಕೆ ತಡೆಯಲಾಗಲಿಲ್ಲ. ಚರ್ಮ ಸುಟ್ಟರೆ ಎಂಥ ನಾತ ಎಂದು ಕುಲುಮೆಯ ಪಕ್ಕದಲ್ಲಿ ಬೆಳೆದವರನ್ನು ಕೇಳಬೇಕು. ಇಂಗ್ಲೆಂಡಿನ ಡರ್ಬಿಷೈರಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬುವನು, ಗುಡ್ಡದ ರಸ್ತೆಯಲ್ಲಿ ಕುದುರೆಗಾಡಿಯವರು ಹಳೆಯ ಬೂಟುಗಳನ್ನು ಬ್ರೇಕಿಗೆ ಹೊಡೆದುಕೊಳ್ಳುವುದನ್ನು ನೋಡಿ, 1897ರಲ್ಲಿ ಅದಕ್ಕಿಂತ ಗಟ್ಟಿಯಾದದ್ದನ್ನು ಮಾಡಲು ಹೊರಟ. ಮೊದಲು ಹತ್ತಿ ಮತ್ತು ಕೂದಲಿನ ನೇಯ್ಗೆಗೆ ಅಂಟು ಕುಡಿಸಿ ನೋಡಿದ. ಅದೂ ಕಾದರೆ ಕರಿಯುತ್ತಿತ್ತು. 1908ರಲ್ಲಿ ಅವನು ಅಸ್ಬೆಸ್ಟಾಸ್ ನಾರನ್ನು ಹಿಡಿದ. ಅದು ಕಲ್ಲಿನಿಂದ ತೆಗೆದ ನಾರು, ಬೆಂಕಿಗೆ ಹಾಕಿದರೂ ಸುಡದ ನಾರು. ಆಮೇಲೆ ಜಗತ್ತಿನ ಕಾರು ಲಾರಿಗಳೆಲ್ಲ ಬಹುಕಾಲ ಅದನ್ನೇ ಕಟ್ಟಿಕೊಂಡವು. ಫೆರೋಡೊ ಎಂಬ ಅವನ ಕಂಪೆನಿಯ ಹೆಸರು ಫ್ರೂಡ್ ಎಂಬ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ, ಹೆಂಡತಿ ಎಲಿಜಬೆತ್‌ಳ ಮೊದಲಕ್ಷರ ಸೇರಿಸಿ ಮಾಡಿದ್ದು ಎನ್ನುತ್ತಾರೆ. ಈ ನಾರಿನ ಮಾತಿಗೆ ಮತ್ತೆ ಬರುತ್ತೇನೆ.

ರಬ್ಬರಿನ ಕಥೆ ಚಿಕ್ಕದು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಬೆರೆಸಿದ ರಬ್ಬರು ಬಿಸಿ ಒಲೆಗೆ ತಾಗಿದಾಗ ಕರಗದೆ ಗಟ್ಟಿಯಾದದ್ದನ್ನು ಕಂಡ. ಇವತ್ತು ಫ್ಯಾನ್ ಬೆಲ್ಟು ಸುಟ್ಟಾಗ ಬರುವ ನಾತದಲ್ಲಿ ಆ ಗಂಧಕವೂ ಉಂಟು. ಪಾಪ, ಅವನು 1860ರಲ್ಲಿ ಸತ್ತಾಗ ಮೈತುಂಬ ಸಾಲ. ಅವನ ಹೆಸರಿನ ಟೈರು ಕಂಪೆನಿಯನ್ನು ಬೇರೆಯವರು 1898ರಲ್ಲಿ ಕಟ್ಟಿದ್ದು, ಹೆಸರೊಂದೇ ಅವನದು. ಎಣ್ಣೆಗೂ ನಮ್ಮ ಮನೆಗಳಿಗೂ ಇರುವ ನಂಟು ಇನ್ನೂ ಹತ್ತಿರದ್ದು. ಕ್ಯಾಸ್ಟ್ರಾಲ್ ಎಂಬ ಎಂಜಿನ್ ಆಯಿಲಿನ ಹೆಸರು ಬಂದದ್ದು 1909ರಲ್ಲಿ, ಅದರಲ್ಲಿ ಬೆರೆಸಿದ ಹರಳೆಣ್ಣೆಯಿಂದ. ಬಾಣಂತಿಗೂ ಎಂಜಿನ್ನಿಗೂ ಒಂದೇ ಎಣ್ಣೆ ಎಂದು ನನ್ನ ಅಜ್ಜಿಗೆ ಹೇಳಿದ್ದರೆ ಅವರೇನೂ ಆಶ್ಚರ್ಯಪಡುತ್ತಿರಲಿಲ್ಲ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಯಲ್ಲೇ ಓಡಿಸಿ ತೋರಿಸಿದ್ದರು. ಆ ಮಂಟಪದ ತುಂಬ ಬೋಂಡದ ಅಂಗಡಿಯ ವಾಸನೆ ಇದ್ದಿರಬೇಕು. ತಂತಿಯ ಹೊದಿಕೆ ಮೊದಲು ಹತ್ತಿ ನೂಲು ಮತ್ತು ರಬ್ಬರಿನದಿತ್ತು. 1926ರಲ್ಲಿ ಅಮೆರಿಕದ ವಾಲ್ಡೊ ಸೀಮನ್ ಪಿವಿಸಿಯನ್ನು ಬಾಗುವ ಹಾಗೆ ಮೆತ್ತಗೆ ಮಾಡುವುದನ್ನು ಕಂಡುಕೊಂಡ ಮೇಲೆ ನಿಧಾನವಾಗಿ ಅದು ಬಂತು. ಅದು ಸುಟ್ಟಾಗ ಹೊರಡುವ ಆಮ್ಲದ ಹೊಗೆಯೇ ಕಣ್ಣು ಚುರುಗುಟ್ಟಿಸುವುದು.

ರೇಡಿಯೇಟರಿನ ವಿಷಯದಲ್ಲಿ ಒಬ್ಬ ಹುಡುಗಿಯ ಹೆಸರು ಬರುತ್ತದೆ. ಡೈಮ್ಲರ್ ಕಂಪೆನಿಯ ವಿಲ್‌ಹೆಲ್ಮ್ ಮೇಬ್ಯಾಕ್ 1900ರ ಕೊನೆಯ ಹೊತ್ತಿಗೆ ಜೇನುಗೂಡಿನಂಥ ರೇಡಿಯೇಟರನ್ನು ಮಾಡಿದ. ಅದರಲ್ಲಿ 8,070 ಸಣ್ಣ ಕೊಳವೆಗಳಿದ್ದವು. ಅದನ್ನು ಇಟ್ಟ ಕಾರಿಗೆ, ಅದನ್ನು ಮಾಡಿಸಿದ ವ್ಯಾಪಾರಿ ಎಮಿಲ್ ಯೆಲಿನೆಕ್ ತನ್ನ ಮಗಳ ಹೆಸರಿಟ್ಟ: ಮರ್ಸಿಡಿಸ್. ಆಗ ಆ ಹುಡುಗಿಗೆ ಹನ್ನೊಂದು ವರ್ಷ. ಮುಂದೆ 1954ರಲ್ಲಿ ಟಾಟಾದವರು ಡೈಮ್ಲರ್ ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಮಾಡತೊಡಗಿದಾಗ ಆ ಹೆಸರು ನಮ್ಮ ದೇಶಕ್ಕೂ ಬಂತು. ಟಾಟಾ ಮರ್ಸಿಡಿಸ್ ಬೆಂಜ್ ಎಂಬ ಹೆಸರಿನಲ್ಲಿ, ಮುಂದೆ ಮೂತಿ ಚಾಚಿದ ಆ ಲಾರಿಗಳು 1969ರಲ್ಲಿ ಒಪ್ಪಂದ ಮುಗಿಯುವವರೆಗೆ ಓಡಿದವು. ತವರಿಗೆ ಗಾಡಿ ಓಡಿಸಿಕೊಂಡು ಹೋದ ಬರ್ತಾಳ ಮನೆತನದ ಹೆಸರು, ಒಬ್ಬ ವ್ಯಾಪಾರಿಯ ಮಗಳ ಹೆಸರು, ಎರಡನ್ನೂ ಹಣೆಯ ಮೇಲೆ ಹೊತ್ತುಕೊಂಡು ನಮ್ಮ ಲಾರಿಗಳು ಹದಿನೈದು ವರ್ಷ ಅಕ್ಕಿ, ಸಿಮೆಂಟು, ಹುಲ್ಲು ಸಾಗಿಸಿದವು. ಆ ಲಾರಿಗಳನ್ನು ಹೆಂಗಸರು ಓಡಿಸಿದ್ದನ್ನಂತೂ ನಮ್ಮ ಕಡೆ ಯಾರೂ ಕಂಡಿಲ್ಲ.

ಇದಕ್ಕೂ ಮುಂಚಿನ ಒಂದು ವಾಸನೆಯನ್ನು ನನ್ನ ಅಜ್ಜಿ ಬಲ್ಲವರಾಗಿದ್ದರು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ನಮ್ಮ ಕಡೆಯ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡಿದವು. ಬಸ್ಸಿಗೆ ಒಂದು ಉದ್ದನೆಯ ಒಲೆ ಕಟ್ಟಿರುತ್ತಿತ್ತು. ಹೊರಡುವ ಮೊದಲು ಕ್ಲೀನರ್ ಹುಡುಗ ಅದಕ್ಕೆ ಇದ್ದಿಲು ಸುರಿದು, ಗಾಳಿಯ ಚಕ್ರ ತಿರುಗಿಸಿ ತಿರುಗಿಸಿ ಬೆವರು ಸುರಿಸಬೇಕು. ಏರು ಬಂದರೆ ಜನ ಇಳಿದು ನಡೆಯಬೇಕು. "ಬಸ್ಸು ಬರೋಕೆ ಮುಂಚೆ ಅದರ ಹೊಗೆ ಬರ್ತಿತ್ತು" ಎನ್ನುತ್ತಿದ್ದರು ಅಜ್ಜಿ. ಆದರೆ ಎಂಜಿನ್ನನ್ನು ಓಡಿಸುತ್ತಿದ್ದದ್ದು ಆ ಹೊಗೆಯಲ್ಲ. ಇದ್ದಿಲು ಅರೆಬರೆ ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಅದು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಮುಚ್ಚಿದ ಕೋಣೆಯಲ್ಲಿ ಉಸಿರಾಡಿದರೆ ಜೀವ ಉಳಿಯುವುದಿಲ್ಲ. ಒಲೆಯಿಂದ ಎಂಜಿನ್ನಿಗೆ ಹೋಗುವ ಕೊಳವೆ ಸೋರಿದರೆ ಕ್ಲೀನರ್ ಹುಡುಗನ ಮೂಗಿಗೆ ಗೊತ್ತಾಗುವ ಬಗೆಯೇ ಇರಲಿಲ್ಲ.

ಇಲ್ಲಿಗೆ ಬಂದ ಮೇಲೆ ತಮ್ಮನ ವಿದ್ಯೆಯ ಬಗ್ಗೆ ನನಗೆ ಮೊದಲ ಬಾರಿಗೆ ಸ್ವಲ್ಪ ಅನುಮಾನ ಹುಟ್ಟಿತು. ಮೂಗು ಸರಿ ಇದ್ದರೆ ಅರ್ಧ ರಿಪೇರಿ ಆಯಿತೆನ್ನುತ್ತಾನೆ. ವಾಸನೆಯೇ ಇಲ್ಲದ್ದಕ್ಕೆ ಏನು ಮಾಡುವುದು?

ನಮ್ಮ ಅಡುಗೆಮನೆಯ ಸಿಲಿಂಡರಿನ ಅನಿಲಕ್ಕೂ ಸ್ವಂತ ವಾಸನೆ ಇಲ್ಲವೆಂದೇ ಹೇಳಬೇಕು. ನಾವು ಗ್ಯಾಸ್ ವಾಸನೆ ಎಂದು ಮೂಗು ಮುಚ್ಚಿಕೊಳ್ಳುವುದು ಅದಕ್ಕೆ ಬೇಕೆಂದೇ ಬೆರೆಸಿದ ಗಂಧಕದ ಒಂದು ರಾಸಾಯನಿಕವನ್ನು. ಹಾಗೆ ಬೆರೆಸಲೇಬೇಕೆಂಬ ಕಾನೂನು ಅಮೆರಿಕದ ಟೆಕ್ಸಾಸ್‌ನಲ್ಲಿ ಬಂದದ್ದು ಒಂದು ಶಾಲೆಯಿಂದಾಗಿ. 1937ರ ಮಾರ್ಚ್ 18ರಂದು ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿಯಲ್ಲಿ ಸೋರಿ ತುಂಬಿಕೊಂಡಿದ್ದ ನೈಸರ್ಗಿಕ ಅನಿಲ ಯಾರ ಮೂಗಿಗೂ ಸಿಗಲಿಲ್ಲ. ಮರಗೆಲಸದ ಮೇಷ್ಟ್ರು ಮರ ಉಜ್ಜುವ ಯಂತ್ರದ ಸ್ವಿಚ್ಚು ಹಾಕಿದರು. ಶಾಲೆ ಬಿಡಲು ಸ್ವಲ್ಪವೇ ಹೊತ್ತಿತ್ತು. ಮಕ್ಕಳು, ಶಿಕ್ಷಕರು ಸೇರಿ ಮುನ್ನೂರರ ಹತ್ತಿರ ಜನ ಸತ್ತರು. ಈ ಪಾಠ ನಮ್ಮ ಪುಸ್ತಕದಲ್ಲಿ ಇಲ್ಲ. ನಾನಾಗಿ ಹೇಳುತ್ತೇನೆ, ಹೇಳಿದ ದಿನ ಬೇರೆ ಪಾಠ ಮಾಡುವುದಿಲ್ಲ.

ಈಗ ಅಸ್ಬೆಸ್ಟಾಸ್ ನಾರಿನ ಮಾತು. ಘಾಟಿ ಇಳಿದು ಗುಂಡ್ಯದಲ್ಲಿ ನಿಂತ ಲಾರಿಯ ಚಕ್ರದಿಂದ ಬರುವ ಸುಟ್ಟ ವಾಸನೆ ನಿಮಗೂ ಗೊತ್ತಿರಬಹುದು. ಅದು ಲೈನಿಂಗಿನಲ್ಲಿ ಬೆರೆಸಿದ ಅಂಟಿನ ವಾಸನೆ. ನಾರು ಸುಡುವುದೇ ಇಲ್ಲವಾದ್ದರಿಂದ ಅದಕ್ಕೆ ವಾಸನೆ ಎಲ್ಲಿಂದ ಬರಬೇಕು? ಅದು ಸವೆದು ಸಣ್ಣ ಧೂಳಾಗುತ್ತದೆ, ಅಷ್ಟೆ.

ಇಂಗ್ಲೆಂಡಿನ ರೋಚ್‌ಡೇಲ್ ಎಂಬ ಊರಿನಲ್ಲಿ ನೆಲ್ಲಿ ಕರ್ಷಾ ಎಂಬ ಹೆಂಗಸಿದ್ದಳು. ಹನ್ನೆರಡರ ಹರೆಯದಲ್ಲೇ ಕಾರ್ಖಾನೆಗೆ ಸೇರಿದ ಅವಳ ಕೆಲಸ ಅಸ್ಬೆಸ್ಟಾಸ್ ನಾರನ್ನು ನೂಲಾಗಿ ನೂಲುವುದು. ನಮ್ಮ ಕಡೆ ಹತ್ತಿ ನೂತಂತೆ ಅಲ್ಲಿ ಕಲ್ಲನ್ನು ನೂತಳು. ಉಸಿರಾಡಲಾಗದೆ 1922ರಲ್ಲಿ ಕೆಲಸ ಬಿಟ್ಟಳು, 1924ರ ಮಾರ್ಚಿನಲ್ಲಿ ಮೂವತ್ತಮೂರನೇ ವಯಸ್ಸಿಗೆ ಸತ್ತಳು. ಕಂಪೆನಿ ಪರಿಹಾರ ಕೊಡಲಿಲ್ಲ, ಮಣ್ಣು ಮಾಡುವ ಖರ್ಚನ್ನೂ ಕೊಡಲಿಲ್ಲ. ಡಾಕ್ಟರ್ ಕುಕ್ ಎಂಬುವರು ಅವಳ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಹೂತುಕೊಂಡಿದ್ದ ಕಲ್ಲಿನ ಚೂರುಗಳನ್ನು ಗುರುತಿಸಿ ಅದೇ ವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1927ರಲ್ಲಿ ಆ ಕಾಯಿಲೆಗೆ ಅಸ್ಬೆಸ್ಟೋಸಿಸ್ ಎಂದು ಹೆಸರಿಟ್ಟರು. ಬ್ರಿಟನ್ನಿನಲ್ಲಿ ಧೂಳಿನ ಬಗ್ಗೆ ಕಾಯಿದೆ ಬಂದದ್ದು 1931ರಲ್ಲಿ. ಆ ನಾರನ್ನು ಅಲ್ಲಿ ಪೂರ್ತಿ ನಿಷೇಧಿಸಿದ್ದು 1999ರಲ್ಲಿ. ನೆಲ್ಲಿ ಸತ್ತು ಎಪ್ಪತ್ತೈದು ವರ್ಷದ ಮೇಲೆ.

ನನ್ನ ನಿದ್ದೆಗೆಡಿಸಿದ್ದು ಇನ್ನೊಂದು ಸಂಗತಿ. 1965ರಲ್ಲಿ ಲಂಡನ್ನಿನ ಇಬ್ಬರು ಸಂಶೋಧಕರು, ನ್ಯೂಹೌಸ್ ಮತ್ತು ಥಾಂಪ್ಸನ್, ಶ್ವಾಸಕೋಶ ಮತ್ತು ಹೊಟ್ಟೆಯ ಪೊರೆಗೆ ಬರುವ ಒಂದು ಬಗೆಯ ಕ್ಯಾನ್ಸರಿನಿಂದ ಸತ್ತವರ ವಿವರ ಕಲೆಹಾಕಿದರು. ಅವರಲ್ಲಿ ಅಸ್ಬೆಸ್ಟಾಸ್ ಕಾರ್ಖಾನೆಯ ಒಳಗೆ ಕಾಲಿಡದವರೂ ಇದ್ದರು. ಹೆಚ್ಚಿನವರು ಕೆಲಸಗಾರರ ಹೆಂಡತಿಯರು. ಗಂಡಸರು ಕೆಲಸದಿಂದ ಬಂದಾಗ ಬಟ್ಟೆಯಲ್ಲಿ ಧೂಳು ಬರುತ್ತಿತ್ತು. ಅದನ್ನು ಕೊಡವಿ, ಬ್ರಷ್ಷಿನಿಂದ ಉಜ್ಜಿ, ಒಗೆದವರು ಇವರು.

ಗ್ಯಾರೇಜಿನಲ್ಲಿ ಬ್ರೇಕ್ ಲೈನಿಂಗ್ ಬದಲಾಯಿಸುವವರಿಗೆ ಇದರಿಂದ ಎಷ್ಟು ಅಪಾಯ ಎಂಬ ಬಗ್ಗೆ ತಜ್ಞರಲ್ಲಿ ವಾದವಿದೆ. ಅಸ್ಬೆಸ್ಟಾಸ್ ಧೂಳು ಕ್ಯಾನ್ಸರ್ ತರುತ್ತದೆ ಎಂಬ ಬಗ್ಗೆ ವಾದವಿಲ್ಲ. ನಮ್ಮ ದೇಶದಲ್ಲಿ 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಅಸ್ಬೆಸ್ಟಾಸ್ ಕಾರ್ಖಾನೆಯ ಕೆಲಸಗಾರರ ಆರೋಗ್ಯದ ದಾಖಲೆಯನ್ನು ನಲವತ್ತು ವರ್ಷ ಇಡಬೇಕೆಂದು ಹೇಳಿತು. ಕಾಯಿಲೆ ಅಷ್ಟು ನಿಧಾನವಾಗಿ ಬರುವಂಥದು. ಆದರೆ ಊರ ಹೊರಗಿನ ತಗಡಿನ ಶೆಡ್ಡಿನಲ್ಲಿ ಲೈನಿಂಗಿಗೆ ತೂತು ಕೊರೆದು, ಅರದಿಂದ ಉಜ್ಜಿ, ಡ್ರಮ್ಮಿನ ಕಪ್ಪು ಧೂಳನ್ನು ಗಾಳಿಯ ಪೈಪಿನಿಂದ ಊದಿ ಹಾರಿಸುವ ಹುಡುಗನಿಗೆ ದಾಖಲೆ ಯಾರು ಇಡುತ್ತಾರೆ? ಅವನ ಹೆಸರು ಹಾಜರಿ ಪುಸ್ತಕದಲ್ಲೇ ಇರುವುದಿಲ್ಲ. ಏಳನೇ ಕ್ಲಾಸಿನ ನನ್ನ ಹಾಜರಿ ಪುಸ್ತಕದಿಂದ ಹೊಡೆದುಹಾಕಿದ ಹೆಸರುಗಳಲ್ಲಿ ಎರಡು ಮೂರು ಅಂಥ ಶೆಡ್ಡುಗಳಿಗೇ ಹೋದವು.

ನನ್ನ ತಮ್ಮನ ಹೆಂಡತಿ ಲಾರಿಯ ಕ್ಯಾಬಿನ್ ಹತ್ತಿದ್ದು ಬಹುಶಃ ಮೂರು ಸಲ, ಅದೂ ಆಯುಧಪೂಜೆಯ ದಿನ. ಆದರೆ ಗಂಡನ ಅಂಗಿಯನ್ನು ಒಗೆಯುವ ಕಲ್ಲಿನ ಮುಂದೆ ಹಿಡಿದು, "ಈ ಸಲ ಹತ್ತೋವಾಗ ಕಷ್ಟ ಆಗಿದೆ ಅತ್ತಿಗೆ, ಕ್ಲಚ್ ವಾಸನೆ" ಎಂದು ಹೇಳಬಲ್ಲಳು. ಡೀಸೆಲ್ಲಿನ ಅಂಗಿ, ಗ್ರೀಸಿನ ಅಂಗಿ, ಗ್ಯಾರೇಜಿನಲ್ಲಿ ರಾತ್ರಿ ಕಳೆದ ಅಂಗಿ ಎಲ್ಲವೂ ಅವಳಿಗೆ ಬೇರೆ ಬೇರೆ. ಒದರಿ ಒದರಿ ಧೂಳು ಹಾರಿಸಿ ಆಮೇಲೆ ನೆನೆಸುತ್ತಿದ್ದಳು. ಲಂಡನ್ನಿನ ಆ ಹೆಂಗಸರ ಕಥೆಯನ್ನು ನಾನು ಅವಳಿಗೆ ಹೇಳಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿದೆ. ಹೇಳಿದೆ. ಅವಳು ಅಳಲೂ ಇಲ್ಲ, ಹೆದರಲೂ ಇಲ್ಲ. "ವಾಸನೆ ಇಲ್ಲದ್ದಕ್ಕೆ ನೀರೇ ಗತಿ" ಎಂದು, ಮಾರನೇ ದಿನದಿಂದ ಅಂಗಳದಲ್ಲಿ ಒಂದು ಬಕೆಟ್ ನೀರು ಇಟ್ಟಳು. ಅವನು ಬಾಗಿಲು ದಾಟುವ ಮೊದಲೇ ಅಂಗಿ ಕಳಚಿ ಅದರಲ್ಲಿ ಅದ್ದಬೇಕು. ಮೊದಮೊದಲು ಅವನು ಗೊಣಗಿದ.

ಈಗಿನ ಹೊಸ ಲಾರಿಗಳಲ್ಲಿ ವಾಸನೆಗಳೂ ಬದಲಾಗಿವೆ. 2020ರ ಏಪ್ರಿಲ್‌ನಿಂದ ಬಂದ ನಿಯಮದ ಪ್ರಕಾರ ಹೊಗೆಯನ್ನು ಶುದ್ಧಮಾಡಲು ಬಹಳಷ್ಟು ಲಾರಿಗಳಿಗೆ ಯೂರಿಯಾದ ನೀರು ತುಂಬಬೇಕು. ಅದು ಸೋರಿದರೆ ಮಗುವಿನ ಒದ್ದೆ ಬಟ್ಟೆಯ ವಾಸನೆ ಬರುತ್ತದೆ. ತಮ್ಮನಿಗೆ ಮೊದಲ ಸಲ ಅದು ಏನೆಂದು ತಿಳಿಯಲಿಲ್ಲ, ಮನೆಯಲ್ಲಿ ಹೇಳಿದಾಗ ಹೆಂಡತಿ ನಕ್ಕಳು. ಹೊಗೆಯ ಮಸಿಯನ್ನು ಲಾರಿಯೇ ಆಗಾಗ ಸುಟ್ಟುಕೊಳ್ಳುತ್ತದೆ. ಆಗ ಬರುವ ಸುಟ್ಟ ವಾಸನೆ ದೋಷವೇ ಅಲ್ಲ. ಹಳೆಯ ಡ್ರೈವರುಗಳು ಅದಕ್ಕೂ ಬಾನೆಟ್ ಎತ್ತಿ ನೋಡುತ್ತಾರೆ.

ಕಳೆದ ತಿಂಗಳು ಬ್ರೇಕ್ ಲೈನಿಂಗ್ ಹಾಕಿಸಬೇಕಾಗಿ ಬಂದಾಗ ಅವನು ಅಂಗಡಿಯಿಂದ ನೇರ ನಮ್ಮ ಮನೆಗೆ ಬಂದ. ಎರಡು ರಟ್ಟಿನ ಪೆಟ್ಟಿಗೆಗಳನ್ನು ಜಗಲಿಯ ಮೇಲಿಟ್ಟ. ಒಂದಕ್ಕೆ ಬೆಲೆ ಕಡಿಮೆ, ಒಂದಕ್ಕೆ ಹೆಚ್ಚು; ಅಂಗಡಿಯವನು ಎರಡೂ ಒಂದೇ ಎಂದನಂತೆ. "ಅಕ್ಕಾ, ಇಂಗ್ಲಿಷಲ್ಲಿ ಸಣ್ಣಕ್ಕೆ ಬರೆದಿದ್ದಾನೆ. ಯಾವುದರಲ್ಲಿ ಆ ನಾರು ಇಲ್ಲ ಅಂತ ನೋಡಿ ಹೇಳು" ಎಂದ. ನಾನು ಕನ್ನಡಕ ಹುಡುಕಿ ತಂದು, ಪೆಟ್ಟಿಗೆಗಳನ್ನು ಬೆಳಕಿಗೆ ಹಿಡಿದೆ. ಹೆಚ್ಚು ಬೆಲೆಯದರ ಮೇಲೆ ಅಸ್ಬೆಸ್ಟಾಸ್ ಇಲ್ಲವೆಂದು ಬರೆದಿತ್ತು. ಇನ್ನೊಂದರ ಮೇಲೆ ಏನೂ ಬರೆದಿರಲಿಲ್ಲ. ಅದನ್ನು ಹಿಂದಕ್ಕೆ ಕೊಟ್ಟು ಬರಲು ಅವನು ಮತ್ತೆ ಪೇಟೆಗೆ ಹೋದ.